ಜಗಲಿಯಲ್ಲಿ ಕುಳಿತೇ ಸುರಂಗ ಹೊಗುವುದು: ಮೊದಲ ಪಾತ್ರದಾಟಕ್ಕೊಂದು ಕೈಪಿಡಿ

ಮಳೆ ಹಿಡಿದು ಕರೆಂಟು ಕೈಕೊಡುವ ದಿನಗಳು ಬಂದವೆಂದರೆ ನನಗೆ ಫೋನುಗಳೂ ಶುರುವಾಗುತ್ತವೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿಂದ ಬಂದರೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದಿದ್ದಾಳೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಣ ಎನ್ನುತ್ತಾಳೆ. ಏನದು? ಇಂಗ್ಲಿಷ್ ಬಾರದ ಅಜ್ಜನನ್ನೂ ಕೂರಿಸಬಹುದೇ? ಎಷ್ಟು ಖರ್ಚು?" ಕೂರಿಸಬಹುದು. ಮೊದಲ ದಿನಕ್ಕೆ ಖರ್ಚಿಲ್ಲ. ಇಷ್ಟು ಹೇಳಿದರೆ ಯಾರಿಗೂ ಸಾಲುವುದಿಲ್ಲವಾದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ರೋಲ್ ಪ್ಲೇಯಿಂಗ್ ಗೇಮ್ ಎಂಬುದನ್ನು ನಾನು ಪಾತ್ರದಾಟ ಎಂದು ಕರೆಯುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿ, ಆ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂದು ಹೇಳುತ್ತಾರೆ. ಮಾಡಹೊರಟದ್ದು ಕೈಗೂಡುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಡಂಜನ್ ಎಂದರೆ ಕೋಟೆಯ ಕೆಳಗಿನ ಕತ್ತಲೆಯ ನೆಲಮಾಳಿಗೆ, ಡ್ರ್ಯಾಗನ್ ಎಂದರೆ ಬೆಂಕಿಯುಗುಳುವ ರೆಕ್ಕೆಹಾವು. ಕಥೆ ನಡೆಸುವವರಿಗೆ ಅವರು ಡಂಜನ್ ಮಾಸ್ಟರ್ ಎನ್ನುತ್ತಾರೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸೀಮೆಯಲ್ಲಿ ಹುಟ್ಟಿದವರಿಗೆ ಇದು ತೀರ ಹೊಸದೇನೂ ಅಲ್ಲ. ಯಕ್ಷಗಾನದ್ದೇ ಒಂದು ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ವಾಲಿಯೋ ಕರ್ಣನೋ ಆಗಿ ಆ ಕ್ಷಣಕ್ಕೆ ಹೊಳೆದ ಮಾತನ್ನು ಆಡುತ್ತಾರೆ. ಪಾತ್ರದಾಟದಲ್ಲೂ ಮುಕ್ಕಾಲು ಪಾಲು ಇದೇ. ಬೇರೆಯಾಗುವುದು ಕೊನೆಯಲ್ಲಿ. ತಾಳಮದ್ದಳೆಯಲ್ಲಿ ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಬೆಳಗಾಗುವುದರೊಳಗೆ ರಾಮಬಾಣಕ್ಕೆ ಬೀಳಲೇಬೇಕು. ಇಲ್ಲಿ ವಾಲಿ ಬದುಕಿಕೊಂಡರೂ ಬದುಕಿಕೊಂಡನೇ, ಅದು ಭಾಗವತರಿಗೂ ಮೊದಲೇ ಗೊತ್ತಿರುವುದಿಲ್ಲ. ಡಂಜನ್ ಮಾಸ್ಟರ್ ಎಂಬ ಉದ್ದದ ಹೆಸರನ್ನು ಇಲ್ಲಿಗೇ ಬಿಟ್ಟು, ಕಥೆ ನಡೆಸುವವರನ್ನು ಇನ್ನು ಮುಂದೆ ಭಾಗವತರು ಎಂದೇ ಕರೆಯುತ್ತೇನೆ.

1. ಜನ ಸೇರಿಸಿ

ಭಾಗವತರು ಸೇರಿ ನಾಲ್ಕೈದು ಜನ ಸಾಕು. ಏಳು ಜನರಾದರೆ ಒಬ್ಬರ ಸರದಿ ಬರುವಷ್ಟರಲ್ಲಿ ಇನ್ನೊಬ್ಬರು ಮೊಬೈಲ್ ತೆಗೆದಿರುತ್ತಾರೆ. ಹತ್ತು ವರ್ಷದ ಮಗುವೂ ಎಪ್ಪತ್ತು ದಾಟಿದ ಅಜ್ಜನೂ ಒಂದೇ ಚಾಪೆಯಲ್ಲಿ ಕುಳಿತು ಆಡಬಹುದಾದ ಆಟ ಇದು. ಇಸ್ಪೀಟಿನಲ್ಲಿ ಅಷ್ಟು ಸುಲಭವಾಗಿ ಅದು ಸಾಧ್ಯವಿಲ್ಲ.

ಒಟ್ಟಿಗೆ ಕುಳಿತು ಆಡಿ ವರ್ಷಗಳಾದ ಮನೆಯಾದರೆ ಮೊದಲ ಸಂಜೆ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ. ನಮ್ಮ ಕಡೆ ಗೊತ್ತಿಲ್ಲದವರು ಕಡಿಮೆ: ಏಳರಿಂದ ಮೇಲಿನ 32 ಎಲೆ, ಇಬ್ಬಿಬ್ಬರ ಎರಡು ಜೋಡಿ, ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಟ್ಟು 28. ಎದುರು ಕುಳಿತವರ ಮನಸ್ಸು ಓದುವ ಅಭ್ಯಾಸ ಅಲ್ಲಿ ಆಗುತ್ತದೆ. ದುಡ್ಡು ಮಾತ್ರ ಇಡಬೇಡಿ. ಇಟ್ಟರೆ ಮರುದಿನ ಪಾತ್ರದಾಟಕ್ಕೆ ಕೂರುವ ಮನಸ್ಸು ಅರ್ಧ ಜನರಿಗೆ ಇರುವುದಿಲ್ಲ.

ಸಾವಿರ ತುಂಡುಗಳ ಚಿತ್ರಬಂಧ, ಅಂದರೆ ಜಿಗ್‌ಸಾ, ಹೇಗೆ ಎಂದೂ ಕೆಲವರು ಕೇಳುತ್ತಾರೆ. ಒಳ್ಳೆಯದೇ, ಆದರೆ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದಲ್ಲ. ರಟ್ಟಿನ ತುಂಡುಗಳು ತೇವ ಕುಡಿದು ಉಬ್ಬುತ್ತವೆ, ಬೂಷ್ಟು ಹಿಡಿಯುತ್ತವೆ. ಬೇಸಗೆಗೆ ಇಟ್ಟುಕೊಳ್ಳಿ.

ಇನ್ನು ಅಕ್ಕತಂಗಿಯರನ್ನು ಆಟಕ್ಕೆ ಕೂರಿಸಬಾರದು ಎಂಬ ಅಜ್ಜಿಯ ಮಾತಿಗೆ ಉತ್ತರ. ತುಳುವಿನ ಕಥನಹಾಡಾದ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಗುಳಿಮಣೆಯಲ್ಲಿ ಬೀಜ ಹಂಚಿ ಆಡುವ ಚೆನ್ನೆ ಆಡುತ್ತ ಜಗಳವಾಗಿ, ಚೆನ್ನೆಮಣೆಯ ಏಟಿಗೆ ಒಬ್ಬಳು ಸಾಯುತ್ತಾಳೆ. ಆ ಭಯ ಹಲವು ಮನೆಗಳಲ್ಲಿ ಇನ್ನೂ ಇದೆ. ಪಾತ್ರದಾಟದಲ್ಲಿ ಆಡುವವರೆಲ್ಲ ಒಂದೇ ಪಕ್ಷದವರು, ಒಬ್ಬರನ್ನೊಬ್ಬರು ಸೋಲಿಸುವ ಪ್ರಶ್ನೆಯೇ ಇಲ್ಲ. ಅಜ್ಜಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ.

2. ಸಾಮಾನು ಹೊಂದಿಸಿಕೊಳ್ಳಿ

ಕಾಗದ, ಪೆನ್ಸಿಲು, ಲೂಡೋ ಡಬ್ಬಿಯ ಆರು ಮುಖದ ದಾಳ. ಇದರ ಜೊತೆ ಇಪ್ಪತ್ತು ಮುಖದ ದಾಳವೊಂದು ಬೇಕು. ಅಂಗಡಿಗಳಲ್ಲಿ ಈ ದಾಳ ಏಳರ ಕಟ್ಟಾಗಿ ಸಿಗುತ್ತದೆ: 4, 6, 8, 12, 20 ಮುಖದವು ಒಂದೊಂದು, ಹತ್ತು ಮುಖದವು ಎರಡು. ನಮ್ಮ ಪೇಟೆಗಳಲ್ಲಿ ಹುಡುಕಿ ಚಪ್ಪಲಿ ಸವೆಸುವುದು ಬೇಡ. ಮೊದಲ ದಿನಕ್ಕೆ ಇಸ್ಪೀಟು ಸಾಕು.

ಆಟಿನ್ ಜಾತಿಯ ಎಕ್ಕದಿಂದ ಹತ್ತರವರೆಗೆ ಹತ್ತು ಎಲೆ, ಕಳಾವರ್ ಜಾತಿಯ ಎಕ್ಕದಿಂದ ಹತ್ತರವರೆಗೆ ಹತ್ತು ಎಲೆ ತೆಗೆದಿಡಿ. ಕೆಂಪು ಎಲೆಗೆ ಅದರ ಮೇಲಿರುವಷ್ಟೇ ಬೆಲೆ, ಕಪ್ಪು ಎಲೆಗೆ ಹತ್ತು ಕೂಡಿಸಿ. ಕೆಂಪು ಎಕ್ಕ 1, ಕಪ್ಪು ಎಕ್ಕ 11, ಕಪ್ಪು ಹತ್ತು 20. ಒಂದು ಎಲೆ ಎತ್ತಿದರೆ ದಾಳ ಉರುಳಿಸಿದಂತೆಯೇ. ಪ್ರತಿ ಸಲವೂ ಎತ್ತಿದ ಎಲೆಯನ್ನು ಒಳಗೆ ಸೇರಿಸಿ ಕಲಸಬೇಕು. ಕಲಸದಿದ್ದರೆ ದೊಡ್ಡ ಎಲೆಗಳು ಹೋಗಿಯಾಯಿತೆಂದು ಲೆಕ್ಕ ಹಾಕುವ ಜಾಣರು ಪ್ರತಿ ಮನೆಯಲ್ಲೂ ಇರುತ್ತಾರೆ.

ಅಟ್ಟದ ಮೇಲಿನ ಚೆನ್ನೆಮಣೆಯ ಕಾಯಿಗಳನ್ನೂ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ, ಅಂದರೆ ಕೆಂಪು ಬೀಜ, ಇರಬೇಕು. ಕೆಲವರ ಮನೆಯಲ್ಲಿ ಆಟಿ ತಿಂಗಳು (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಕಳೆದರೆ ಚೆನ್ನೆ ಮುಟ್ಟುವಂತಿಲ್ಲ. ಹಾಗಿದ್ದರೆ ಹುಣಸೆಬೀಜ ಆದೀತು. ಪ್ರತಿ ಪಾತ್ರದ ಎದುರು ಹತ್ತು ಕಾಯಿ ಇಡಿ, ಅದು ಆ ಪಾತ್ರದ ಜೀವ. ಪೆಟ್ಟು ತಿಂದಂತೆ ಕಾಯಿಗಳು ನಡುವಿನ ಗೆರಟೆಗೆ ಹೋಗುತ್ತವೆ. ಕಾಗದದ ಮೇಲೆ ಅಂಕಿ ಹೊಡೆದುಹಾಕುವುದಕ್ಕಿಂತ ಕೆಂಪು ಕಾಯಿ ಗೆರಟೆಗೆ ಬೀಳುವ ಸದ್ದಿಗೆ ಮಕ್ಕಳು ಹೆಚ್ಚು ಬೆಚ್ಚುತ್ತಾರೆ.

3. ಪಾತ್ರ ಬರೆಯಿರಿ

ಮೂಲ ಆಟದಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣಗಳಿವೆ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಮೊದಲ ಸಲಕ್ಕೆ ನಾಲ್ಕೇ ಇಟ್ಟುಕೊಳ್ಳೋಣ: ಮೈಬಲ, ಚುರುಕು, ಬುದ್ಧಿ, ಮಾತು. ಪ್ರತಿಯೊಬ್ಬರೂ 3, 2, 1, 0 ಎಂಬ ನಾಲ್ಕು ಅಂಕಿಗಳನ್ನು ಈ ನಾಲ್ಕು ಗುಣಗಳಿಗೆ ಹಂಚಲಿ. ಮೈಬಲಕ್ಕೆ 3 ಕೊಟ್ಟ ತೆಂಗು ಹತ್ತುವವನಿಗೆ ಮಾತು 0 ಬರಬಹುದು. ಬರಲಿ, ಅದೇ ಚೆನ್ನ.

ಅದರ ಕೆಳಗೆ ಮೂರು ಸಾಲು: ಹೆಸರು, ಕಸುಬು, ಒಂದು ಕೊರತೆ. ಕೊರತೆಯ ಸಾಲನ್ನು ಯಾರೂ ಬಿಡದಂತೆ ನೋಡಿಕೊಳ್ಳಿ. "ಕತ್ತಲೆ ಎಂದರೆ ಭಯ", "ಸಾಲ ಕೊಟ್ಟವರನ್ನು ಕಂಡರೆ ಅಡಗುತ್ತಾಳೆ", "ತಿಂಡಿ ಕಂಡರೆ ಉಪಾಯ ಮರೆಯುತ್ತಾನೆ". ಕೊರತೆಯಿಲ್ಲದ ಪಾತ್ರದ ಬಾಯಲ್ಲಿ ಹತ್ತು ನಿಮಿಷದ ಮೇಲೆ ಮಾತು ಹುಟ್ಟುವುದಿಲ್ಲ.

ಎಚ್ಚರ: ಮಗಳ ಪಾತ್ರವನ್ನು ಅಪ್ಪ ಬರೆದುಕೊಡುವುದು ಬೇಡ. "ಅದಕ್ಕಿಂತ ಇದು ಒಳ್ಳೆಯದಲ್ಲವೇ" ಎಂಬ ಸಲಹೆಯೂ ಬೇಡ.

4. ಪ್ರಸಂಗ ಹೊಂದಿಸಿ

ಹೊಸ ಭಾಗವತರು ಎಡವುವುದು ಇಲ್ಲಿಯೇ. ನಾನು ಮೊದಲ ಸಲ ಆರು ಪುಟ ರಾಜವಂಶದ ಚರಿತ್ರೆ ಬರೆದುಕೊಂಡು ಹೋಗಿ ಓದಿದ್ದೆ. ಎರಡನೆಯ ಪುಟ ಮುಗಿಯುವಷ್ಟರಲ್ಲಿ ಅತ್ತೆ ನಿದ್ದೆ ಹೋಗಿದ್ದರು. ನಿಮಗೆ ಬೇಕಾದದ್ದು ಅರ್ಧ ಪುಟ: ಒಂದು ತೊಂದರೆ, ಮೂರು ಜಾಗ, ಮನಸ್ಸಿರುವ ಒಂದು ಎದುರಾಳಿ.

ನೆಲಮಾಳಿಗೆಯನ್ನು ಯುರೋಪಿನಿಂದ ತರಿಸಬೇಕಾಗಿಲ್ಲ. ನಮ್ಮ ಗುಡ್ಡದ ಮುರಕಲ್ಲಿನಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳು ಇವೆಯಲ್ಲ! ಒಬ್ಬರು ಕಷ್ಟದಲ್ಲಿ ನುಗ್ಗುವಷ್ಟು ಅಗಲ, ತಲೆ ತಾಗುವ ಎತ್ತರ, ಪಾದದಡಿ ತಣ್ಣನೆ ನೀರು, ಮೇಲೆ ಬಾವಲಿ. ಇದಕ್ಕಿಂತ ಒಳ್ಳೆಯ ಡಂಜನ್ ಬರೆದವರಿಗೂ ಹೊಳೆದಿರಲಾರದು.

ನೀವು ಹಾಗೆಯೇ ಎತ್ತಿಕೊಳ್ಳಬಹುದಾದ ಒಂದು ಪ್ರಸಂಗ. ತೊಂದರೆ: ಆಟಿಯ ಜಡಿಮಳೆಯಲ್ಲೂ ಮನೆಯ ಸುರಂಗದಿಂದ ದಂಬೆಗೆ ಬರುತ್ತಿದ್ದ ನೀರು ಒಂದು ಬೆಳಗ್ಗೆ ಫಕ್ಕನೆ ನಿಂತಿದೆ. (ಸೀಳಿದ ಅಡಿಕೆಮರದ ತೋಡನ್ನು ದಂಬೆ ಎನ್ನುತ್ತಾರೆ, ಪೇಟೆಯಲ್ಲಿ ಬೆಳೆದವರಿಗಾಗಿ ಹೇಳಿದೆ.) ಜಾಗಗಳು: ಮಣ್ಣು ಕುಸಿದ ಸುರಂಗದ ಬಾಯಿ, ಒಳಗೆ ಇಪ್ಪತ್ತು ಹೆಜ್ಜೆಗೆ ಎರಡು ಕವಲು, ಎಡಗವಲಿನ ಕೊನೆಯಲ್ಲಿ ಕಲ್ಲು, ಮಣ್ಣು ಪೇರಿಸಿ ಕಟ್ಟಿದ ಕಟ್ಟ. ಎದುರಾಳಿ: ಕರುವಿನಷ್ಟು ದೊಡ್ಡ, ಮಾತು ಬಲ್ಲ ಮುಳ್ಳುಹಂದಿ. ಕಟ್ಟ ಒಡೆದರೆ ಅದರ ಮರಿಗಳಿರುವ ಪೊಟರೆಗೆ ನೀರು ನುಗ್ಗುತ್ತದೆ. ಕಟ್ಟ ಇದ್ದರೆ ತೋಟಕ್ಕೂ ಅಡುಗೆಮನೆಗೂ ನೀರಿಲ್ಲ. ಇಲ್ಲಿಗೆ ನಿಲ್ಲಿಸಿ. ಪರಿಹಾರವನ್ನು ನೀವು ಬರೆಯಬೇಡಿ. ಬರೆದುಕೊಂಡರೆ ಆಡುವವರನ್ನು ಅತ್ತಲೇ ಎಳೆಯುತ್ತೀರಿ.

ಎರಡು ಎಚ್ಚರಿಕೆಗಳು, ಎರಡೂ ಗಟ್ಟಿ. ಒಂದನೆಯದು: ಮನೆಯಲ್ಲಿ, ಊರಲ್ಲಿ ನಂಬಿ ನಡೆದುಕೊಂಡು ಬಂದ ದೈವಗಳನ್ನು ಆಟದ ರಾಕ್ಷಸರನ್ನಾಗಿ ಮಾಡಬೇಡಿ. ಪಂಜುರ್ಲಿಗೆ ಹದಿನಾರು ಕಾಯಿ ಜೀವ ಎಂದು ಎಣಿಸಿಟ್ಟ ಜಗಲಿಯಲ್ಲಿ ಆಟ ಅಂದೇ ಮುಗಿಯುತ್ತದೆ, ಮುಗಿಯಬೇಕಾದದ್ದೂ ಹೌದು. ಎರಡನೆಯದು: ಆಟ ಮುಗಿದ ಮೇಲೆ ಮಕ್ಕಳು ನಿಜವಾದ ಸುರಂಗದೊಳಗೆ ಹೋಗದಂತೆ ಸ್ಪಷ್ಟವಾಗಿ ಹೇಳಿ. ಮಣ್ಣು ಕುಸಿಯಬಹುದು, ಒಳಗೆ ಉಸಿರಾಡುವ ಗಾಳಿ ಸಾಲದಿರಬಹುದು, ಹಾವಿರಬಹುದು.

5. ಆಡಿಸಿ

ಕ್ರಮ ಇಷ್ಟೇ. ಭಾಗವತರು ಕಣ್ಣಿಗೆ ಕಾಣುವುದನ್ನು ಹೇಳಿ "ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಆಡುವವರು ಹೇಳುತ್ತಾರೆ. ಸಂದೇಹವಿದ್ದರೆ ಮಾತ್ರ ದಾಳ. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದ ಅಂಕಿಗೆ, ಆ ಕೆಲಸಕ್ಕೆ ಹೊಂದುವ ಗುಣವನ್ನು ಕೂಡಿಸಿ. ಸುಲಭದ ಕೆಲಸಕ್ಕೆ 10, ಸಾಮಾನ್ಯಕ್ಕೆ 12, ಕಷ್ಟಕ್ಕೆ 15 ಮುಟ್ಟಿದರೆ ಗೆಲುವು.

ಈ ಅಂಕಿಗಳ ಹಿಂದಿನ ಲೆಕ್ಕ ಭಾಗವತರಿಗೆ ಗೊತ್ತಿರಬೇಕು. ಗುಣ 3 ಇದ್ದವರು 12 ಮುಟ್ಟಲು ದಾಳದಲ್ಲಿ 9 ಅಥವಾ ಮೇಲೆ ಬೀಳಬೇಕು. ಇಪ್ಪತ್ತರಲ್ಲಿ ಅಂಥ ಮುಖಗಳು ಹನ್ನೆರಡು, ಅಂದರೆ ಶೇ. 60. ಅದೇ ಕೆಲಸ ಗುಣ 0 ಇದ್ದವರಿಗೆ ಶೇ. 45. ಗುಣ 3 ಇದ್ದವರಿಗೂ 15 ಮುಟ್ಟುವುದು ಶೇ. 45. ಯಾರಾದರೂ ಒಳ್ಳೆಯ ಉಪಾಯ ಹೇಳಿದರೆ ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯಲು ಬಿಡಿ. ಮೂಲ ಆಟದಲ್ಲಿ ಇದಕ್ಕೆ ಅಡ್ವಾಂಟೇಜ್, ಅನುಕೂಲ, ಎಂದು ಹೆಸರು. ಆಗ ಆ ಶೇ. 60 ಹೋಗಿ ಶೇ. 84 ಆಗುತ್ತದೆ. ಉಪಾಯಕ್ಕೆ ಬೆಲೆಯಿದೆ ಎಂದು ಜನರಿಗೆ ಗೊತ್ತಾಗುವುದು ಇದರಿಂದಲೇ.

ನಮ್ಮ ಜಗಲಿಯ ಒಂದು ತುಣುಕು ನೋಡಿ. ಅಜ್ಜನ ಪಾತ್ರ ನಾಟಿವೈದ್ಯ, ಮೊಮ್ಮಗಳದು ಕಳ್ಳಿ.

"ಇಪ್ಪತ್ತು ಹೆಜ್ಜೆ ಒಳಗೆ ಬಂದಿದ್ದೀರಿ. ಸುರಂಗ ಎರಡಾಗಿ ಒಡೆದಿದೆ. ಎರಡೂ ಕಡೆ ಕತ್ತಲೆ. ಅಜ್ಜ, ನಿಮ್ಮ ವೈದ್ಯ ಏನು ಮಾಡುತ್ತಾನೆ?"

"ದೀಪವನ್ನು ಎರಡೂ ಬಾಯಿಗೆ ಹಿಡಿದು ನೋಡುತ್ತೇನೆ. ಉರಿ ಎಲ್ಲಿ ಕುಗ್ಗುತ್ತದೋ ಅತ್ತ ಹೋಗುವುದು ಬೇಡ."

ಸುರಂಗ ತೋಡುವವರು ದೀಪ ಹಿಡಿದು ಗಾಳಿ ನೋಡುತ್ತಿದ್ದುದು ಹಾಗೆಯೇ. ನಾನು ದಾಳ ಕೇಳಲಿಲ್ಲ. ಬಲಗವಲಿನಲ್ಲಿ ಉರಿ ಸಣ್ಣಗಾಯಿತು ಎಂದೆ. ಗೊತ್ತಿದ್ದವರು ಗೊತ್ತಿದ್ದದ್ದನ್ನು ಮಾಡಿದಾಗ ದಾಳ ನಡುವೆ ಬರಬಾರದು. ನಿಯಮದ ಪುಸ್ತಕ ಓದಿದ ಮೊಮ್ಮಗಳಿಗಿಂತ ಸುರಂಗ ಕಂಡ ಅಜ್ಜ ಮುಂದೆ ಹೋಗುವುದು ಇಂಥ ಕಡೆ.

"ಅಜ್ಜ, ನೀವು ನಿಲ್ಲಿ. ನಾನು ಆ ಬಂಡೆ ಹತ್ತಿ ಆಚೆ ನೋಡುತ್ತೇನೆ" ಎಂದಳು ಮೊಮ್ಮಗಳು. ಒದ್ದೆ ಬಂಡೆ, ಸಾಮಾನ್ಯ ಕಷ್ಟ, 12 ಬೇಕು. ದಾಳದಲ್ಲಿ 6, ಚುರುಕು 3, ಒಟ್ಟು 9. ಸೋತಳು. "ಹತ್ತಲು ಆಗಲಿಲ್ಲ" ಎಂದುಬಿಟ್ಟರೆ ಕಥೆ ಅಲ್ಲೇ ಕೂರುತ್ತದೆ. "ನೀನು ಹತ್ತಿದೆ, ಆಚೆ ಜಾರಿ ಬಿದ್ದೆ, ದೀಪ ನೀರಿಗೆ ಹೋಯಿತು. ಕತ್ತಲೆಯಲ್ಲಿ ಏನೋ ಉಸಿರಾಡುತ್ತಿದೆ" ಎಂದೆ. ಅಜ್ಜ ಕಾಲು ಮಡಚಿ ಮುಂದಕ್ಕೆ ಬಾಗಿದರು. ದಾಳದಲ್ಲಿ ಸೋತಾಗಲೆಲ್ಲ ಹೊಸದೊಂದು ತೊಂದರೆ ಕೊಡಿ.

ತಾಳಮದ್ದಳೆ ಕೇಳಿ ಬೆಳೆದ ಮನೆಗಳಿಗೇ ವಿಶೇಷವಾದ ಒಂದು ಅಪಾಯವಿದೆ. ಅರ್ಥಗಾರಿಕೆಯ ರುಚಿ ಹತ್ತಿದ ಮಾವನೊಬ್ಬರು ಮುಳ್ಳುಹಂದಿಯೊಡನೆ ಧರ್ಮಸೂಕ್ಷ್ಮ ಶುರುಮಾಡಿದರೆ ಅರ್ಧ ಗಂಟೆ ಬೇರೆ ಯಾರಿಗೂ ಬಾಯಿ ತೆರೆಯಲು ಎಡೆಯಿಲ್ಲ. ಕೇಳಲು ಸೊಗಸೇ. ಆದರೆ ಮೂಲೆಯ ಹುಡುಗ ಆಗಲೇ ಎದ್ದುಹೋಗಿರುತ್ತಾನೆ. ಭಾಗವತರಿಗೆ ಜಾಗಟೆ ಕೊಟ್ಟಿರುವುದು ಸುಮ್ಮನೆ ಅಲ್ಲ. "ಮಾವ, ನಿಮ್ಮ ಮಾತಿಗೆ ಮುಳ್ಳುಹಂದಿ ಕಿವಿ ನಿಮಿರಿಸಿದೆ. ಅಷ್ಟರಲ್ಲಿ ಹಿಂದೆ ನಿಂತ ನೀನು ಏನು ಮಾಡುತ್ತಿದ್ದೀ?" ಎಂದು ಹುಡುಗನ ಕಡೆ ತಿರುಗಿ. ಮಾತಿನ ಸೊಗಸಿಗೆ ಅನುಕೂಲ ಕೊಡಿ, ಎರಡು ಸಲ ಉರುಳಿಸಲಿ. ಗೆಲುವನ್ನು ಮಾತ್ರ ದಾಳಕ್ಕೇ ಬಿಡಿ. ಇಲ್ಲವಾದರೆ ಮಾತು ಬಾರದವರು ಎರಡನೆಯ ದಿನ ಬರುವುದಿಲ್ಲ.

ಭಾಷೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಕನ್ನಡ, ತುಳು, ಮಲಯಾಳಂ ಹೇಗೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಕಳ್ಳಿ ತುಳುವಿನಲ್ಲಿ ಬೈದರೆ, ವ್ಯಾಪಾರಿ ಮಲಯಾಳದಲ್ಲಿ ಚೌಕಾಸಿ ಮಾಡಿದರೆ ಪಾತ್ರಕ್ಕೆ ಕಳೆ ಬರುತ್ತದೆ.

6. ಹೊಡೆದಾಟ ಬಂದರೆ

ಬರದೆಯೂ ಆಟ ಮುಗಿಯಬಹುದು. ಬಂದರೆ ಹೀಗೆ: ಹೊಡೆಯುವವರು ಮೈಬಲ ಕೂಡಿಸಿ 12 ಮುಟ್ಟಬೇಕು. ಮುಟ್ಟಿದರೆ ಆರು ಮುಖದ ದಾಳ ಉರುಳಿಸಿ, ಬಿದ್ದಷ್ಟು ಕಾಯಿ ಎದುರಾಳಿಯ ಗುಡ್ಡೆಯಿಂದ ಗೆರಟೆಗೆ. ಎಲ್ಲರ ಸರದಿ ಮುಗಿದ ಮೇಲೆ ಮುಳ್ಳುಹಂದಿ ಒಬ್ಬರ ಮೇಲೆ ನುಗ್ಗುತ್ತದೆ. ಆ ಒಬ್ಬರು ಚುರುಕು ಕೂಡಿಸಿ 12 ಮುಟ್ಟಿದರೆ ತಪ್ಪಿಸಿಕೊಂಡಂತೆ, ಇಲ್ಲವಾದರೆ ಅದೇ ಆರು ಮುಖದ ದಾಳದಷ್ಟು ಕಾಯಿ ಹೋಯಿತು. ಭಾಗವತರು ದಾಳ ಮುಟ್ಟುವುದೇ ಬೇಡ.

ನಾಲ್ವರು ಆಡಿದರೆ 40 ಕಾಯಿ ಅವರಲ್ಲಿ, ಉಳಿದ 16 ಮುಳ್ಳುಹಂದಿಗೆ. ಆರು ಮುಖದ ದಾಳದ ಸರಾಸರಿ 3.5, ಹಾಗಾಗಿ ಹೆಚ್ಚುಕಡಿಮೆ ಐದು ಪೆಟ್ಟಿಗೆ ಅದು ಬೀಳುತ್ತದೆ. ಎರಡು ಮೂರು ಸುತ್ತು. ಅದಕ್ಕಿಂತ ಉದ್ದ ಎಳೆದರೆ ಬೇಸರ. ಕಾಯಿ ಪೂರ್ತಿ ಹೋದ ಪಾತ್ರ ಮೂರ್ಛೆ ಹೋಗುತ್ತದೆ, ಸಾಯುವುದಿಲ್ಲ. ಹತ್ತು ವರ್ಷದ ಮಗುವಿನ ಪಾತ್ರವನ್ನು ಮೊದಲ ದಿನವೇ ಕೊಂದ ಭಾಗವತರನ್ನು ನಾನು ಬಲ್ಲೆ. ಅವರನ್ನು ಯಾರೂ ಮತ್ತೆ ಕರೆದಿಲ್ಲ.

7. ನಿಲ್ಲಿಸಿ, ಎತ್ತಿಡಿ

ಎರಡು ಗಂಟೆ ಸಾಕು. ಇನ್ನೂ ಆಡಬೇಕು ಎನ್ನುವಾಗಲೇ ನಿಲ್ಲಿಸಿ. ಏನಾಯಿತೆಂದು ನಾಲ್ಕು ಸಾಲು ಬರೆದಿಡಿ, ಮುಂದಿನ ವಾರ "ಹಿಂದಿನ ಕಥೆ" ಹೇಳುವ ಕೆಲಸವನ್ನು ಮಕ್ಕಳಿಗೆ ಕೊಡಿ.

ನಾಲ್ಕೈದು ಸಲ ಆಡಿದ ಮೇಲೂ ಹುಚ್ಚು ಇಳಿಯದಿದ್ದರೆ ಆಗ ಮೂಲ ನಿಯಮಗಳ ಕಡೆ ಹೋಗಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಮೂರು ಮುಖ್ಯ ಪುಸ್ತಕಗಳಿವೆ: ಆಡುವವರಿಗೊಂದು, ನಡೆಸುವವರಿಗೊಂದು, ರಾಕ್ಷಸರಿಗೊಂದು. ಮೂರೂ ದಪ್ಪ, ಮೂರೂ ದುಬಾರಿ. ಕೊಳ್ಳುವ ಮೊದಲು ಪ್ರಕಾಶಕರೇ ಉಚಿತವಾಗಿ ಕೊಡುವ ಮೂಲ ನಿಯಮಗಳನ್ನು ಓದಿ. 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ನಿಯಮಗಳ ತಿರುಳನ್ನು ಅವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಕನ್ನಡಕ್ಕೆ ತಂದು ಹಂಚಲೂಬಹುದು ಎಂಬುದು ಅದರ ಅರ್ಥ. ಬೆಂಗಳೂರಿನಿಂದ ಬಂದ ಮಗಳಿಗೆ ರಜೆಯಲ್ಲಿ ಕೆಲಸವಿಲ್ಲದಿದ್ದರೆ ಇದನ್ನು ಹಿಡಿಸಿ.

ಪಾತ್ರದ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಡಿ, ಬೂಷ್ಟು ಹತ್ತುವುದಿಲ್ಲ. ಇಸ್ಪೀಟಿನ ಇಪ್ಪತ್ತು ಎಲೆಗಳನ್ನು ಕಟ್ಟಿಗೆ ಸೇರಿಸಿ. ಇಲ್ಲವಾದರೆ ಮರುದಿನ ಇಪ್ಪತ್ತೆಂಟಿಗೆ ಕುಳಿತವರು ನಿಮ್ಮ ಹೆಸರು ಹಿಡಿದು ಕೂಗುತ್ತಾರೆ. ಮಂಜೊಟ್ಟಿಗಳನ್ನು ಎಣಿಸಿಯೇ ಚೀಲಕ್ಕೆ ಹಾಕಿ: ಐವತ್ತಾರು. ಒಂದು ಕಡಿಮೆ ಬಂದರೆ ಚಾಪೆ ಕೊಡವಿ ನೋಡಿ, ಸಣ್ಣ ಮಗುವಿರುವ ಮನೆಯಾದರೆ ಅದರ ಬಾಯಿಯನ್ನು ಮೊದಲು ನೋಡಿ.